ಎಂಟು ಡಾಲರು, ನಾಲ್ಕು ಬಳೆ



ನಮ್ಮ ಕೂಟದ ಯಾವ ಸಮಾರಂಭಕ್ಕೆ ಹೋದರೂ ಊಟದ ಸಾಲಿನಲ್ಲಿ ಹಿರಿಯರೊಬ್ಬರಾದರೂ "ನಾವು ಈ ದೇಶಕ್ಕೆ ಬಂದಾಗ ಜೇಬಿನಲ್ಲಿ ಇದ್ದದ್ದು ಎಂಟೇ ಡಾಲರು" ಎಂಬ ಕಥೆಯನ್ನು ಹೇಳದೆ ಬಿಡುವುದಿಲ್ಲ. ಬಿಸಿಬೇಳೆಬಾತಿನಷ್ಟೇ ಖಾಯಂ ಆದ ಕಥೆ ಅದು. ಕಳೆದ ಯುಗಾದಿಯ ಊಟದಲ್ಲೂ ಹೀಗೆಯೇ ಕಥೆ ನಡೆದಿತ್ತು. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ನಡುವೆ ಬಾಯಿ ಹಾಕಿ, "ಅಂಕಲ್, ಹಾಗಾದರೆ ಏರ್ ಟಿಕೆಟ್‌ಗೆ ದುಡ್ಡು ಯಾರು ಕೊಟ್ಟರು?" ಎಂದು ಕೇಳಿದಳು. ಹಿರಿಯರು ನಕ್ಕು, "ಹೇಗೋ ಮನೆಯಲ್ಲಿ ಹೊಂದಿಸಿದರಮ್ಮ" ಎಂದರು. ಪಕ್ಕದಲ್ಲಿ ಮೊಸರನ್ನ ಬಡಿಸುತ್ತಿದ್ದ ಅವರ ಶ್ರೀಮತಿಯವರು ತಲೆ ಎತ್ತದೆ, "ನನ್ನ ಅವಲಕ್ಕಿ ಸರ" ಎಂದರು.

ಎಲ್ಲರೂ ನಕ್ಕೆವು. ಸಾಲು ಮುಂದೆ ಹೋಯಿತು. ಆದರೆ ಆ ಮಾತು ನಮ್ಮನ್ನು ಬಿಡಲಿಲ್ಲ. ನಾವು ವೃತ್ತಿಯಲ್ಲಿ ವೈದ್ಯರು. ಹೆಂಡತಿಗೆ ಕೇಳಿದ ಪ್ರಶ್ನೆಗೆ ಗಂಡ ಉತ್ತರ ಹೇಳುವುದನ್ನು ನಮ್ಮ ಕ್ಲಿನಿಕ್ಕಿನಲ್ಲಿ ವಾರಕ್ಕೆ ನಾಲ್ಕು ಸಲವಾದರೂ ನೋಡುತ್ತೇವೆ. ಹಾಗೆ ಬರೆದುಕೊಂಡ ರೋಗಚರಿತ್ರೆ ಸುಳ್ಳೇನಲ್ಲ, ಆದರೆ ಅರ್ಧ. ನಾವು ವಲಸೆ ಬಂದ ಚರಿತ್ರೆಯನ್ನೂ ಇಷ್ಟು ದಿನ ಹೀಗೆಯೇ ಬರೆದುಕೊಂಡಿದ್ದೇವೆ ಎನ್ನಿಸಿತು. ಉಳಿದರ್ಧವನ್ನು ತಿಳಿದ ಮಟ್ಟಿಗೆ ಜೋಡಿಸುವ ಪ್ರಯತ್ನ ಈ ಲೇಖನ.

ಮೊದಲು ಆ ಎಂಟು ಡಾಲರಿನ ವಿಷಯ. ಭಾರತದಲ್ಲಿ ಆಗ ವಿದೇಶಿ ವಿನಿಮಯಕ್ಕೆ ಬರ. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಗಿ, ಡಾಲರಿಗೆ 4.76 ಇದ್ದದ್ದು 7.50 ಆಯಿತು. ದೇಶ ಬಿಡುವವರ ಕೈಗೆ ಸರಕಾರ ಬಿಡುತ್ತಿದ್ದದ್ದು 8 ಡಾಲರು, ಅಂದರೆ 60 ರೂಪಾಯಿ. ಹೀಗಾಗಿ ಆ ಎಂಟು ಡಾಲರು ನಮ್ಮ ಮನೆಗಳ ಬಡತನದ ಅಳತೆಯಲ್ಲ, ಸರಕಾರದ ಖಜಾನೆಯ ಬಡತನದ ಅಳತೆ. ಜಮೀನುದಾರನ ಮಗನಿಗೂ ಎಂಟೇ, ಶಾಲಾ ಮೇಷ್ಟರ ಮಗನಿಗೂ ಎಂಟೇ. ಮನೆಯವರು ಎಷ್ಟು ಕಳೆದುಕೊಂಡರು ಎಂಬುದಕ್ಕೆ ಬೇರೆಯೇ ಲೆಕ್ಕ ಬೇಕು. ಆ ಲೆಕ್ಕ ಇದ್ದದ್ದು ಹೆಂಗಸರ ಪೆಟ್ಟಿಗೆಯಲ್ಲಿ.

ಈ ಲೆಕ್ಕ ಹೊಸದೇನೂ ಅಲ್ಲ. ನಮ್ಮ ನ್ಯೂಜೆರ್ಸಿಯಲ್ಲೇ ಅದರ ಹಳೆಯ ಕುರುಹೊಂದಿದೆ. ಯೂನಿಯನ್ ಕೌಂಟಿಯ ರೋಸೆಲ್ ಊರಿನ ಮೂಲಕ ನಮ್ಮಲ್ಲಿ ಎಷ್ಟೋ ಮಂದಿ ದಿನಾ ಹಾದುಹೋಗುತ್ತೇವೆ. 1883ರ ಜೂನ್‌ನಲ್ಲಿ ಹದಿನೆಂಟು ವರ್ಷದ ಒಂಬತ್ತು ಗಜದ ಸೀರೆಯ ಹುಡುಗಿಯೊಬ್ಬಳು ಕಲ್ಕತ್ತೆಯಿಂದ ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದಿಳಿದು, ರೋಸೆಲ್‌ನ ಕಾರ್ಪೆಂಟರ್ ಎಂಬ ಮಹಿಳೆಯ ಮನೆಯಲ್ಲಿ ಉಳಿದಳು. ಆಕೆ ಆನಂದಿಬಾಯಿ ಜೋಶಿ. ಅಂಚೆ ಇಲಾಖೆಯ ಗುಮಾಸ್ತರಾದ ಗಂಡ ಗೋಪಾಲರಾಯರು ಊರಲ್ಲೇ ಉಳಿದು ಹೆಂಡತಿಯನ್ನು ಒಬ್ಬಳನ್ನೇ ಕಳಿಸಿದ್ದರು. ಪ್ರಯಾಣಕ್ಕೆ ದಾನಿಗಳ ನೆರವಿನ ಜೊತೆಗೆ ಆಕೆಯ ಒಡವೆಯೂ ಖರ್ಚಾಯಿತೆಂದು ಆಕೆಯ ಚರಿತ್ರೆ ಬರೆದವರು ಹೇಳುತ್ತಾರೆ. ಹದಿನಾಲ್ಕನೆಯ ವಯಸ್ಸಿಗೆ ಹೆತ್ತ ಮಗು ಹತ್ತೇ ದಿನಕ್ಕೆ ತೀರಿಕೊಂಡದ್ದು ಆಕೆಯನ್ನು ವೈದ್ಯವಿದ್ಯೆಯ ಕಡೆಗೆ ತಿರುಗಿಸಿತ್ತು. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ 1886ರ ಮಾರ್ಚ್‌ನಲ್ಲಿ ಪದವಿ ಪಡೆದು ಊರಿಗೆ ಮರಳಿದವಳು, 1887ರ ಫೆಬ್ರವರಿಯಲ್ಲಿ ಕ್ಷಯದಿಂದ ಪುಣೆಯಲ್ಲಿ ತೀರಿಕೊಂಡಳು. ಆಕೆಯ ಚಿತಾಭಸ್ಮ ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ ಕಾರ್ಪೆಂಟರ್ ಮನೆತನದವರ ಸಮಾಧಿಗಳ ನಡುವೆ ಇದೆ. ಮರಾಠಿ ಹೆಣ್ಣುಮಗಳಾದರೂ, ಭಾರತದಿಂದ ಇಲ್ಲಿಗೆ ಬಂದ ವೈದ್ಯರೆಲ್ಲರಿಗೂ ಆಕೆ ಹಿರಿಯಕ್ಕ.

ಹೆಂಗಸಿನ ಒಡವೆಯೇ ಏಕೆ ಮೊದಲು ಹೋಗುತ್ತಿತ್ತು? ಅದು ಬೇಗ ನಗದಾಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಕಾನೂನಿನದು. ತವರಿನಿಂದ ಬಂದ ಚಿನ್ನ ಸ್ತ್ರೀಧನ, ಅದು ಅವಳದೇ. ಹೊಲ, ಮನೆ, ತೋಟ ಮಾತ್ರ ಗಂಡಸರ ಹೆಸರಿನಲ್ಲಿ. ಈ ವಿಷಯದಲ್ಲಿ ನಮ್ಮ ಹಳೆಯ ಮೈಸೂರು ಸಂಸ್ಥಾನ ಹೆಮ್ಮೆಪಡಬಹುದಾದ ಕೆಲಸವೊಂದನ್ನು ಮಾಡಿತ್ತು. 1933ರಲ್ಲೇ ಮೈಸೂರಿನಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ ಬಂತು. ಸ್ತ್ರೀಧನದ ಅರ್ಥವನ್ನು ಅದು ಹಿಗ್ಗಿಸಿತು. ಪಾಲಾಗುವಾಗ ವಿಧವೆಗೂ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಒಂದು ಅಂಶ ಕೊಟ್ಟಿತು. ಬ್ರಿಟಿಷ್ ಭಾರತದಲ್ಲಿ ವಿಧವೆಯರ ಆಸ್ತಿಹಕ್ಕಿನ ಕಾಯಿದೆ ಬಂದದ್ದು ನಾಲ್ಕು ವರ್ಷ ತಡವಾಗಿ, 1937ರಲ್ಲಿ.

ಚಿನ್ನವಲ್ಲದೆ ಹೆಂಗಸರಿಗಿದ್ದ ಇನ್ನೊಂದು ಉಳಿತಾಯ ಸಾಸಿವೆ ಡಬ್ಬಿ. ಅದನ್ನು ಬ್ಯಾಂಕಿನ ಬಾಗಿಲಿಗೆ ತಂದವರು ನಮ್ಮ ಕರಾವಳಿಯವರು. ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ಆ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಆದರೆ ಪಿಗ್ಮಿ ಎಂಬ ಮಾತು ನಮ್ಮ ಕಡೆ ಈಗಲೂ ಸಣ್ಣ ಉಳಿತಾಯಕ್ಕೆ ಪರ್ಯಾಯ ಪದ. ಹನಿ ಹನಿ ಕೂಡಿದ ಆ ಹಳ್ಳದಲ್ಲಿ ಎಷ್ಟೋ ಮಕ್ಕಳ ಕಾಲೇಜು ಫೀಜು ತೇಲಿ ದಡ ಸೇರಿದೆ.

ಇನ್ನು ಈ ಕಡೆಯ ಕಥೆ. 1917ರ ಕಾನೂನು ಭಾರತೀಯರಿಗೆ ಅಮೆರಿಕೆಯ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿಯೇ ಬಿಟ್ಟಿತ್ತು. 1946ರಲ್ಲಿ ಕಿಂಡಿಯೊಂದು ತೆರೆದು, ವರ್ಷಕ್ಕೆ 100 ಮಂದಿಗೆ ಜಾಗವಾಯಿತು. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಹೊಸ ವಲಸೆ ಕಾಯಿದೆಗೆ ಸಹಿ ಹಾಕಿದರು. ಸಹಿ ಹಾಕಿದ್ದು ಜರ್ಸಿ ಸಿಟಿಯ ದಡದಿಂದ ಕಣ್ಣಿಗೆ ಕಾಣುವ ಲಿಬರ್ಟಿ ದ್ವೀಪದಲ್ಲಿ, ಸ್ವಾತಂತ್ರ್ಯ ದೇವಿಯ ಪಾದದ ಬಳಿ. ಅದೇ ವರ್ಷ ಜುಲೈನಲ್ಲಿ ವೃದ್ಧರಿಗಾಗಿ ಮೆಡಿಕೇರ್ ಬಂದಿತ್ತು. ಒಂದು ಕಾನೂನು ರೋಗಿಗಳನ್ನು ಆಸ್ಪತ್ರೆಗೆ ಕರೆಯಿತು, ಇನ್ನೊಂದು ಡಾಕ್ಟರನ್ನು ದೇಶಕ್ಕೆ ಕರೆಯಿತು. ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಮಣಿಪಾಲದಲ್ಲಿ ಓದಿದ ನಮ್ಮ ಹಿರಿಯರು ಬ್ರೂಕ್ಲಿನ್, ಬ್ರಾಂಕ್ಸ್, ನೂಅರ್ಕ್‌ಗಳ ಆಸ್ಪತ್ರೆಗಳಲ್ಲಿ ರಾತ್ರಿಪಾಳಿ ಹೊತ್ತದ್ದು ಹೀಗೆ.

ಅವರ ಹಿಂದೆ ಆರು ತಿಂಗಳಿಗೋ ವರ್ಷಕ್ಕೋ ಬಂದ ಹೆಂಡತಿಯರು ಏನು ಮಾಡಿದರು? ಚರಿತ್ರೆ ಇಲ್ಲಿಗೆ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಲೆಕ್ಸಿಂಗ್ಟನ್ ಅವೆನ್ಯೂವಿನ ಕಲುಸ್ತಿಯನ್ಸ್ ಎಂಬ ಆರ್ಮೇನಿಯನ್ನರ ಅಂಗಡಿಯಲ್ಲಿ ಬೇಳೆ, ಧನಿಯ ಹುಡುಕಿದ್ದನ್ನು, ರವಿಕೆಯ ಮೇಲೆ ಸ್ವೆಟರು, ಸೀರೆಯ ಮೇಲೆ ಕೋಟು ಹಾಕಿ ಹಿಮದಲ್ಲಿ ನಡೆದದ್ದನ್ನು ನಗುತ್ತಾ ಹೇಳಿಕೊಳ್ಳುತ್ತೇವೆ. ದುಡಿದದ್ದನ್ನು ಹೇಳಿಕೊಳ್ಳುವುದಿಲ್ಲ. ಬಿ.ಎಸ್‌ಸಿ. ಆದವರು ಬ್ಯಾಂಕಿನ ಕೌಂಟರಿನಲ್ಲಿ ನಿಂತರು, ಎಂ.ಎ. ಆದವರು ಗೋದಾಮಿನಲ್ಲಿ ಚೀಟಿ ಅಂಟಿಸಿದರು. ಡಾಕ್ಟರೇ ಆಗಿ ಬಂದ ಕೆಲವರು ಗಂಡನ ಪರೀಕ್ಷೆ ಮುಗಿಯಲೆಂದು, ಮಕ್ಕಳು ಶಾಲೆಗೆ ಹೋಗಲೆಂದು ತಮ್ಮ ಪರೀಕ್ಷೆಯನ್ನು ಐದು ವರ್ಷ, ಹತ್ತು ವರ್ಷ ಮುಂದೂಡಿದರು. ಕೆಲವರು ಮುಂದೂಡಿದ್ದು ಹಾಗೆಯೇ ಉಳಿಯಿತು.

ಇಲ್ಲಿ ಒಂದು ಮಾತು ನೆನಪಿಡಬೇಕು. ಮುಂದುವರಿದ ದೇಶ ಎನ್ನುವ ಈ ದೇಶದಲ್ಲೂ, ಮದುವೆಯಾದ ಹೆಂಗಸಿಗೆ ಗಂಡನ ಸಹಿ ಇಲ್ಲದೆ ಸಾಲವನ್ನೋ ಕ್ರೆಡಿಟ್ ಕಾರ್ಡನ್ನೋ ಕೊಡಲು ಬ್ಯಾಂಕುಗಳು ನಿರಾಕರಿಸುವುದು ಆಗ ಸಾಮಾನ್ಯವಾಗಿತ್ತು. ಅದನ್ನು ನಿಷೇಧಿಸಿದ ಸಮಾನ ಸಾಲ ಅವಕಾಶದ ಕಾಯಿದೆ ಬಂದದ್ದು 1974ರಲ್ಲಿ. ಅಂದರೆ 1970ರಲ್ಲಿ ಕ್ವೀನ್ಸ್‌ಗೆ ಬಂದಿಳಿದ ಮೈಸೂರಿನ ಹೆಣ್ಣುಮಗಳೊಬ್ಬಳಿಗೆ ಊರಲ್ಲಿ ತನ್ನದೇ ಆದ ಚಿನ್ನವಾದರೂ ಇತ್ತು, ಇಲ್ಲಿ ತನ್ನ ಹೆಸರಿನಲ್ಲಿ ಒಂದು ಕಾರ್ಡು ಪಡೆಯುವುದೂ ಕಷ್ಟವಿತ್ತು.

1976ರ ಕಾನೂನಿನಿಂದ ವಿದೇಶಿ ಡಾಕ್ಟರುಗಳಿಗೆ ವೀಸಾ ಬಿಗಿಯಾಯಿತು. ಆಮೇಲೆ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಕುಟುಂಬದ ಮೂಲಕ ಬರುವುದು ಹೆಚ್ಚಿತು. ಅಂಗಡಿ, ಮೋಟೆಲು, ನ್ಯೂಸ್‌ಸ್ಟ್ಯಾಂಡುಗಳ ಗಲ್ಲಾಪೆಟ್ಟಿಗೆಯ ಹಿಂದೆ ನಮ್ಮ ದೇಶದ ಹೆಂಗಸರು ಕೂತರು. 1977ರ ಜುಲೈ 4ರಂದು ಫ್ಲಶಿಂಗ್‌ನ ಗಣಪತಿ ದೇವಸ್ಥಾನದಲ್ಲಿ ಪ್ರತಿಷ್ಠೆಯಾದಾಗ, ದೊಡ್ಡ ಚೆಕ್ಕು ಕೊಟ್ಟವರ ಹೆಸರು ಗೋಡೆಗೆ ಬಂದಿರಬಹುದು. ಅಡುಗೆಯಲ್ಲಿ, ಹೂ ಕಟ್ಟುವುದರಲ್ಲಿ ದುಡಿದವರಿಗೆ ಗೋಡೆಯಲ್ಲಿ ಜಾಗವಿಲ್ಲ. ನಮ್ಮ ಕೂಟದ ಹಳೆಯ ಲೆಕ್ಕದ ಪುಸ್ತಕವೂ ಹೀಗೆಯೇ. ಹಾಲ್ ಬಾಡಿಗೆಗೆ ಬರೆದಿದೆ, ನೂರು ಜನರ ಹುಳಿಯನ್ನ ಮನೆಯಲ್ಲಿ ಮಾಡಿ ತಂದದ್ದಕ್ಕೆ ಬರೆದಿಲ್ಲ.

ಈಗ ನಮ್ಮ ಸ್ವಂತ ಲೆಕ್ಕ. ನಾವು ಬಂದದ್ದು 1993ರಲ್ಲಿ, ಜೆ-1 ವೀಸಾದ ಮೇಲೆ ರೆಸಿಡೆನ್ಸಿಗೆ. ನಮ್ಮ ಕಾಲಕ್ಕೆ ಎಂಟು ಡಾಲರಿನ ಕಟ್ಟು ಸಡಿಲವಾಗಿತ್ತು. ನಮ್ಮ ಮನೆಯವರು ಜೆ-2 ವೀಸಾದ ಮೇಲೆ ಬಂದರು. ಆ ವೀಸಾದವರು ಅನುಮತಿ ಪಡೆದು ಕೆಲಸ ಮಾಡಬಹುದಿತ್ತು, ಆದರೆ ಒಂದು ಷರತ್ತು. ಆ ಸಂಪಾದನೆ ಗಂಡನ ಜೀವನಕ್ಕೆ ಬೇಕಾಗಿಲ್ಲ ಎಂದು ಅರ್ಜಿಯಲ್ಲಿ ಒಪ್ಪಿಸಬೇಕು. ನಮ್ಮ ಸ್ಟೈಪೆಂಡು ಮನೆ ಬಾಡಿಗೆಗೂ ಊರಿನ ಸಾಲಕ್ಕೂ ಸರಿಹೋಗುತ್ತಿತ್ತು, ಹಾಗಾಗಿ ಅರ್ಜಿ ಸುಳ್ಳಲ್ಲ. ಆದರೆ ಮಗಳ ಹಾಲಿನಿಂದ ಹಿಡಿದು ಊರಿಗೆ ಮಾಡುವ ಫೋನಿನವರೆಗೆ ಉಳಿದದ್ದೆಲ್ಲ ನಡೆದದ್ದು ಆಕೆ ಔಷಧಿ ಅಂಗಡಿಯಲ್ಲಿ ಗಂಟೆಗಟ್ಟಲೆ ನಿಂತು ತಂದ ಹಣದಲ್ಲಿ. ಔಷಧ ಕಂಪನಿಯವರು ನಮಗೆ ಪುಕ್ಕಟೆ ಕೊಡುತ್ತಿದ್ದ ಡೈರಿಗಳಲ್ಲಿ ಆಕೆ ಪೈಸೆ ಪೈಸೆ ಲೆಕ್ಕ ಬರೆದಿಟ್ಟಿದ್ದಾರೆ. ರೆಸಿಡೆನ್ಸಿ ಮುಗಿದ ಮೇಲೆ ಎರಡು ವರ್ಷ ಊರಿಗೆ ಮರಳಬೇಕು, ಇಲ್ಲವೇ ವೈದ್ಯರಿಲ್ಲದ ಕಡೆ ಮೂರು ವರ್ಷ ದುಡಿಯಬೇಕು ಎಂಬ ನಿಯಮ. ನಾವು ಎರಡನೆಯದನ್ನು ಆರಿಸಿಕೊಂಡು ಸಣ್ಣ ಊರಿಗೆ ಹೋದೆವು. ಆಕೆಯ ಕೆಲಸ ಅಲ್ಲಿಗೆ ನಿಂತಿತು. ಮುಂದೆ ನಮ್ಮದೇ ಕ್ಲಿನಿಕ್ಕು ತೆರೆದಾಗ ಆರು ವರ್ಷ ಸಂಬಳವಿಲ್ಲದೆ ಮುಂದಿನ ಮೇಜನ್ನು ನೋಡಿಕೊಂಡವರೂ ಅವರೇ.

ಸಂಬಳವಿಲ್ಲದೆ ಎಂಬ ಮಾತಿಗೆ ಇಲ್ಲಿ ಬೆಲೆ ತೆರಬೇಕಾಗುತ್ತದೆ. ಸೋಶಿಯಲ್ ಸೆಕ್ಯುರಿಟಿಗೆ 40 ತ್ರೈಮಾಸಿಕಗಳ, ಅಂದರೆ ಹತ್ತು ವರ್ಷಗಳ ದುಡಿಮೆ ದಾಖಲೆಯಲ್ಲಿರಬೇಕು. ಗಂಡನ ಕ್ಲಿನಿಕ್ಕಿನಲ್ಲೋ ಅಂಗಡಿಯಲ್ಲೋ ಪುಕ್ಕಟೆ ದುಡಿದ ಹೆಂಗಸಿಗೆ ಆ ದಾಖಲೆ ಇರುವುದಿಲ್ಲ. ಗಂಡನ ಲೆಕ್ಕದ ಮೇಲೆ ಹೆಚ್ಚೆಂದರೆ ಅವನ ಪಿಂಚಣಿಯ ಅರ್ಧ ಸಿಗುತ್ತದೆ. ವಿಚ್ಛೇದನವಾದರೆ, ಮದುವೆ ಹತ್ತು ವರ್ಷ ನಡೆದಿದ್ದರೆ ಮಾತ್ರ ಅದೂ.

ಮುಂದಿನ ಪೀಳಿಗೆಯ ಸ್ಥಿತಿ ಇನ್ನೂ ವಿಚಿತ್ರ. 1990ರ ವಲಸೆ ಕಾಯಿದೆಯ ಎಚ್-1ಬಿ ವೀಸಾದಲ್ಲಿ ಸಾಫ್ಟ್‌ವೇರ್ ಹುಡುಗರು ಎಡಿಸನ್, ಪಾರ್ಸಿಪನಿಗಳಿಗೆ ಬಂದರು. ಎಚ್-4ರಲ್ಲಿ ಬಂದ ಅವರ ಹೆಂಡತಿಯರೂ ಎಷ್ಟೋ ಸಲ ಇಂಜಿನಿಯರುಗಳೇ, ಆದರೆ ಕೆಲಸ ಮಾಡುವಂತಿರಲಿಲ್ಲ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಅನುಮತಿ ಸಿಗಲು 2015ರ ಮೇ ತಿಂಗಳವರೆಗೆ ಕಾಯಬೇಕಾಯಿತು. ಆ ವರ್ಷಗಳಲ್ಲಿ ತಲೆನೋವು, ನಿದ್ರೆ ಇಲ್ಲ ಎಂದು ನಮ್ಮಲ್ಲಿಗೆ ಬರುತ್ತಿದ್ದ ತರುಣಿಯರಲ್ಲಿ ಹಲವರಿಗೆ ಬೇಕಾಗಿದ್ದದ್ದು ಮಾತ್ರೆಯಲ್ಲ, ತಮ್ಮ ಹೆಸರಿನ ಒಂದು ಬ್ಯಾಂಕ್ ಖಾತೆ. ಮನೆಯಲ್ಲಿ ಹಿಂಸೆಯೂ ಇದ್ದವರಿಗೆ ಖಾತೆ ಇಲ್ಲದಿರುವುದೇ ಬೀಗ. ಇಂಥವರ ಬೆಂಬಲಕ್ಕೆ ನ್ಯೂಜೆರ್ಸಿಯಲ್ಲಿ 1985ರಲ್ಲಿ ಮಾನವಿ, ನ್ಯೂಯಾರ್ಕಿನಲ್ಲಿ 1989ರಲ್ಲಿ ಸಖಿ ಎಂಬ ಸಂಸ್ಥೆಗಳನ್ನು ಕಟ್ಟಿದವರೂ ನಮ್ಮ ಕಡೆಯ ಹೆಂಗಸರೇ.

ದೇಶ ಮಾತ್ರ ನಮ್ಮ ಹಣವನ್ನು ಚೆನ್ನಾಗಿಯೇ ಎಣಿಸಿದೆ. ಪೋಖ್ರಾನ್ ಪರೀಕ್ಷೆಯ ನಂತರ 1998ರಲ್ಲಿ ಸ್ಟೇಟ್ ಬ್ಯಾಂಕು ರಿಸರ್ಜೆಂಟ್ ಇಂಡಿಯಾ ಬಾಂಡ್ ಹೊರಡಿಸಿದಾಗ ಅನಿವಾಸಿಗಳು 400 ಕೋಟಿ ಡಾಲರಿಗೂ ಹೆಚ್ಚು ಹಣ ಕೊಟ್ಟರು. 2022ರಲ್ಲಿ ಹೊರದೇಶಗಳಿಂದ ಭಾರತಕ್ಕೆ ಹೋದ ಹಣ 10,000 ಕೋಟಿ ಡಾಲರನ್ನು ದಾಟಿತು. ಎಂಟು ಡಾಲರು ಕೊಟ್ಟು ಕಳಿಸಿದ ದೇಶಕ್ಕೆ ಇದು ಒಳ್ಳೆಯ ಬಡ್ಡಿಯೇ! ಆದರೆ ಈ ಲೆಕ್ಕದಲ್ಲಿ ಅಸಲು ಯಾರದು ಎಂಬುದು ಮಾತ್ರ ಬರೆದಿಲ್ಲ.

ನಮ್ಮ ವಿಷಯದಲ್ಲಿ ಅಸಲು ನಮ್ಮಕ್ಕನದು. ಇದನ್ನು ಬರೆಯಲು ಸ್ವಲ್ಪ ಸಂಕೋಚವಾಗುತ್ತದೆ. ನಮ್ಮ ಊರು ತಿಪಟೂರಿನ ಕಡೆ. ಬ್ಯಾಂಕಾಕಿನಲ್ಲಿ ಪರೀಕ್ಷೆ ಬರೆದ ಖರ್ಚು, ಟಿಕೆಟ್ಟಿನ ಖರ್ಚು ಎಂದು ಅಪ್ಪ ಎರಡು ಎಕರೆ ತೆಂಗಿನ ತೋಟ ಮಾರಿದರು. ಕೊಂಡವರು ಮುಂದೆ ತಕರಾರು ಬೇಡವೆಂದು ಅಕ್ಕನ ಸಹಿಯನ್ನೂ ಕೇಳಿದರು. ಮದುವೆಯಾಗಿ ಆರು ವರ್ಷವಾಗಿದ್ದ ಅಕ್ಕ ಬಸ್ಸಿನಲ್ಲಿ ಬಂದು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಓದದೆ ಸಹಿ ಹಾಕಿ ಹೋದಳು. ಆಗಲೂ ಸಾಲದಾದಾಗ ಕೈಯಲ್ಲಿದ್ದ ನಾಲ್ಕು ಬಳೆ ಬಿಚ್ಚಿ ಕೊಟ್ಟಳು. ಅಪ್ಪ ಅವನ್ನು ಅಡವಿಟ್ಟರು. ಮುಂದಿನ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಅಡವಿನ ವಾಯಿದೆ ಯಾರಿಗೂ ನೆನಪಾಗಲಿಲ್ಲ, ಬಳೆ ಹರಾಜಾಯಿತು. ನಾವು ಇಲ್ಲಿ ರಾತ್ರಿಪಾಳಿಯಲ್ಲಿದ್ದೆವು. ಅಕ್ಕ ಕಾಗದದಲ್ಲಿ ಬರೆಯಲಿಲ್ಲ, ನಾವು ಕೇಳಲಿಲ್ಲ.

ಕಾನೂನೂ ಅಕ್ಕನ ಹಿಂದೆ ಹಿಂದೆಯೇ ಬಂತು. 1956ರ ಉತ್ತರಾಧಿಕಾರ ಕಾಯಿದೆಯಲ್ಲಿ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಗೆ ಹುಟ್ಟಿನಿಂದ ಹಕ್ಕು ಗಂಡುಮಕ್ಕಳಿಗೆ ಮಾತ್ರ. ಕರ್ನಾಟಕ ತನ್ನ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟದ್ದು 1994ರ ಜುಲೈ 30ರಿಂದ, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯಾದವರಿಗೂ ಹಕ್ಕು ಸಿಕ್ಕಿತು, ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಮಾರಾಟಗಳನ್ನು ಮುಟ್ಟಲಿಲ್ಲ. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಹೇಳಿತು. ಅಷ್ಟು ಹೊತ್ತಿಗೆ ನಮ್ಮ ತೋಟ ಬೇರೆಯವರದಾಗಿ ಇಪ್ಪತ್ತೇಳು ವರ್ಷ. ಬಾಗಿಲು ತೆರೆದಾಗ ಒಳಗೆ ಏನೂ ಉಳಿದಿರಲಿಲ್ಲ.

ಯುಗಾದಿಯ ಊಟದ ಮಾರನೆಯ ದಿನ ಅಕ್ಕನಿಗೆ ಫೋನು ಮಾಡಿ, "ಅಕ್ಕ, ಆ ಬಳೆ ಎಷ್ಟು ತೂಕ ಇತ್ತು?" ಎಂದು ಕೇಳಿದೆವು.

"ಐದು ತೊಲ, ಎರಡು ಗುಲಗಂಜಿ ಕಮ್ಮಿ," ಎಂದಳು, ಒಂದು ಕ್ಷಣವೂ ಯೋಚಿಸದೆ. ಆಮೇಲೆ, "ಯಾಕೋ, ಈಗ ನೆನಪಾಯ್ತಾ?" ಎಂದಳು.

ಅಷ್ಟು ಚಿನ್ನದ ಇವತ್ತಿನ ಬೆಲೆ ಕಳಿಸುತ್ತೇವೆ ಎಂದೆವು. ಬೇಡ, ತಮ್ಮನಿಗೆ ಕೊಟ್ಟದ್ದಕ್ಕೆ ಲೆಕ್ಕವೇ ಎನ್ನುತ್ತಾಳೆಂದು ನಾವು ಎಣಿಸಿದ್ದೆವು. ಕಥೆಗಳಲ್ಲಿ ಅಕ್ಕಂದಿರು ಹಾಗೆ ಹೇಳುತ್ತಾರೆ. ನಮ್ಮಕ್ಕ, "ಕೊಡು. ಬೇಡ ಅನ್ನಲ್ಲ. ನನ್ನ ಹೆಸರಿನ ಖಾತೆಗೇ ಹಾಕು, ಭಾವನ ಖಾತೆಗೆ ಬೇಡ," ಎಂದಳು. ಖಾತೆಯ ನಂಬರನ್ನು ನಿಧಾನವಾಗಿ ಎರಡು ಸಲ ಹೇಳಿ ಬರೆಸಿದಳು. ತೋಟದ ಮಾತು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಅದು ಇನ್ನೂ ಬಾಕಿ ಇದೆ.

ಬಂಧುಗಳೇ, ವೈದ್ಯರಾಗಿ ಒಂದೆರಡು ಸಲಹೆ ಕೊಟ್ಟು ಮುಗಿಸುತ್ತೇವೆ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆ ಕಡೆಯವರಿಗಿಂತ ಐದಾರು ವರ್ಷ ಬೇಗ ಆಗುತ್ತದೆ ಎಂಬುದು ಅಧ್ಯಯನಗಳಿಂದ ಗೊತ್ತಾಗಿರುವ ಮಾತು. ಗಂಡ ಐಸಿಯುನಲ್ಲಿರುವಾಗ ಹೆಂಡತಿ ಕಾರಿಡಾರಿನಲ್ಲಿ ನಿಂತು, ಇನ್ಶೂರೆನ್ಸ್ ಎಲ್ಲಿದೆ, ಬೆಂಗಳೂರಿನ ಸೈಟಿನ ಪತ್ರ ಎಲ್ಲಿದೆ ಎಂದು ಹುಡುಕುವುದನ್ನು ನಾವು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇವೆ. ಈ ಭಾನುವಾರ ಇಬ್ಬರೂ ಕೂತು ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆಯಿರಿ. ಖಾತೆಗಳು, ನಾಮಿನಿಗಳ ಹೆಸರು, ಅಲ್ಲಿಯದು, ಇಲ್ಲಿಯದು. ಕ್ಲಿನಿಕ್ಕಿನಲ್ಲೋ ಅಂಗಡಿಯಲ್ಲೋ ಹೆಂಡತಿ ದುಡಿಯುತ್ತಿದ್ದರೆ ಸಂಬಳ ಬರೆದು ತೆರಿಗೆ ಕಟ್ಟಿ.

ಆಮೇಲೆ ಇನ್ನೊಂದು ಹಾಳೆ ತೆಗೆದುಕೊಳ್ಳಿ. ನೀವು ಬಂದ ಟಿಕೆಟ್ಟಿಗೆ ಯಾರ ಯಾವ ಒಡವೆ ಹೋಯಿತು, ಎಷ್ಟು ತೂಕ, ಬಿಡಿಸಿದಿರೋ ಇಲ್ಲವೋ, ತಾಯಿಯನ್ನು, ಅಕ್ಕನನ್ನು, ಅತ್ತೆಯನ್ನು ಕೇಳಿ ಬರೆಯಿರಿ. ಅವರಿಗೆ ನೆನಪಿರುತ್ತದೆ. ಕೇಳಲು ಅವರು ಇರುವಾಗಲೇ ಕೇಳಬೇಕು. ಬರೆದದ್ದನ್ನು ಕೂಟದ ವಿಳಾಸಕ್ಕೆ ಕಳುಹಿಸಿ. ಹೆಸರು ಬೇಡವಾದರೆ ಹೆಸರಿಲ್ಲದೆಯೇ ಮುಂದಿನ ಸಂಚಿಕೆಗಳಲ್ಲಿ ಹಾಕಲು ಸಂಪಾದಕರು ಒಪ್ಪಿದ್ದಾರೆ. ಮೊದಲನೆಯ ಸಾಲನ್ನು ನಾವು ಬರೆದಾಗಿದೆ: ನಾಲ್ಕು ಬಳೆ, ಐದು ತೊಲಕ್ಕೆ ಎರಡು ಗುಲಗಂಜಿ ಕಮ್ಮಿ, ತಿಪಟೂರು, 1993.